ಹಿತ್ತಲಲ್ಲಿ ಕೂತು ಓಡಿಸುವ ಪುಟ್ಟ ರೈಲಿಗೆ ಹಳಿ ಹಾಕುವುದು ಹೇಗೆ?

ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಹೋದ ಮಕ್ಕಳೆಲ್ಲ ಪುಟಾಣಿ ಎಕ್ಸ್‌ಪ್ರೆಸ್‌ನ ಎಂಜಿನ್ ನೋಡುತ್ತಾರೆ. ನಾನು ಹೋದರೆ ಮೊದಲು ಹಳಿಯ ಕೆಳಗಿನ ಜಲ್ಲಿ ನೋಡುತ್ತೇನೆ. ಕನಕಪುರ ರಸ್ತೆ ಕಡೆಯ ನಮ್ಮ 5 ಗುಂಟೆ ಜಾಗದಲ್ಲಿ 64 ಮೀಟರ್ ಹಳಿ ಹಾಕಿದ ಮೇಲೆ ಬಂದ ಅಭ್ಯಾಸ ಇದು.

ಎಂಜಿನ್ ಕೊಳ್ಳಬಹುದು, ಮಾಡಿಸಲೂಬಹುದು. ಹಳಿ ಹಾಗಲ್ಲ. ನಿಮ್ಮ ಮಣ್ಣು, ನಿಮ್ಮ ಜಾಗದ ಇಳಿಜಾರು, ನಿಮ್ಮ ಮಳೆನೀರು ಹರಿಯುವ ದಾರಿ, ಇವಕ್ಕೆ ತಕ್ಕ ಹಾಗೆ ಅದನ್ನು ಅಲ್ಲೇ ಹಾಕಬೇಕು. ಪುಟ್ಟ ರೈಲು ಹಳಿ ತಪ್ಪಿದಾಗ ಎಲ್ಲರೂ ಚಕ್ರವನ್ನು ನೋಡುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಸಿಕ್ಕಿದ್ದು ಹಳಿಯ ಕೆಳಗೆ. ಅದಕ್ಕೇ ಈ ಬರಹದಲ್ಲಿ ಕಬ್ಬಿಣಕ್ಕಿಂತ ನೆಲದ ಮಾತು ಸ್ವಲ್ಪ ಜಾಸ್ತಿ.

ಜಾಗ ಎಷ್ಟು ಬೇಕು?

30x40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ಸುತ್ತು ಹಾಕುವ ಹಳಿ ಆಗುವುದಿಲ್ಲ. ಮನೆಯ ಪಕ್ಕದಲ್ಲಿ ಹತ್ತು ಮೀಟರ್ ನೇರ ಹಳಿ ಹಾಕಿ ಹೋಗಿ ಬರಬಹುದು. ಮಕ್ಕಳಿಗೆ ಅದೂ ಖುಷಿಯೇ. ತಾರಸಿ ಮೇಲೆ ಮಾತ್ರ ಹಾಕಬೇಡಿ. ಜಲ್ಲಿಯ ಭಾರಕ್ಕೆ ಮನೆಯ ತಾರಸಿ ಕಟ್ಟಿರುವುದಿಲ್ಲ, ವಾಟರ್‌ಪ್ರೂಫಿಂಗ್ ಕೂಡ ಹಾಳಾಗುತ್ತದೆ.

ಸುತ್ತು ಹಾಕಬೇಕೆಂದರೆ ಲೆಕ್ಕ ಹೀಗಿದೆ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಐದು ಗುಂಟೆ ಸುಮಾರು 18 ಮೀಟರ್ ಅಗಲ, 28 ಮೀಟರ್ ಉದ್ದ ಇದ್ದರೆ 7 ಮೀಟರ್ ತ್ರಿಜ್ಯದ ತಿರುವುಗಳು ಆರಾಮಾಗಿ ಕೂರುತ್ತವೆ. ಸುತ್ತಲೂ ಎರಡು ಮೀಟರ್‌ನಷ್ಟು ಜಾಗ ಉಳಿಯುತ್ತದೆ. ಅದು ಬೇಕೇ ಬೇಕು. ಕೂತವರ ಮೊಣಕಾಲು, ಮೊಣಕೈ ಗಾಡಿಯಿಂದ ಹೊರಗೆ ಚಾಚಿರುತ್ತವೆ. ಹಳಿಯ ನಡುವಿನಿಂದ ಎರಡೂ ಕಡೆ ಕನಿಷ್ಠ 75 ಸೆಂ.ಮೀ. ಒಳಗೆ ಕಂಬ, ಕಾಂಪೌಂಡ್, ಗಿಡ ಏನೂ ಇರಬಾರದು. ತೆಂಗಿನ ಮರದ ಕೆಳಗಂತೂ ಹಳಿ ಹೋಗಲೇಬಾರದು.

ಗೇಜ್

ಗೇಜ್ ಅಂದರೆ ಎರಡು ಹಳಿಗಳ ಒಳಮೈಗಳ ನಡುವಿನ ಅಂತರ. ನಮ್ಮ ಬ್ರಾಡ್‌ಗೇಜ್ 1,676 ಎಂಎಂ. ಹಿಂದೆ ಚಿಕ್ಕಬಳ್ಳಾಪುರದ ಕಡೆ ಓಡುತ್ತಿದ್ದ ನ್ಯಾರೋಗೇಜ್ 762 ಎಂಎಂ. ಹಿತ್ತಲ ರೈಲಿಗೆ ಬ್ರಿಟನ್ನಿನ ಹವ್ಯಾಸಿಗಳಿಂದ ಬಂದ 5 ಇಂಚು, ಅಂದರೆ 127 ಎಂಎಂ, ಮತ್ತು 7¼ ಇಂಚು, ಅಂದರೆ 184 ಎಂಎಂ ಗೇಜ್‌ಗಳು ಹೆಚ್ಚು ಬಳಕೆಯಲ್ಲಿವೆ. ಅಮೆರಿಕದಲ್ಲಿ 7½ ಇಂಚು ಜಾಸ್ತಿ. ಕಾಲು ಇಂಚು ತಾನೇ ಅನ್ನಬೇಡಿ, ಒಂದರ ಗಾಡಿ ಇನ್ನೊಂದರ ಹಳಿ ಮೇಲೆ ಓಡುವುದಿಲ್ಲ. ಎಂಜಿನ್ ಅಥವಾ ಚಕ್ರ ಎಲ್ಲಿಂದ ತರುತ್ತೀರಿ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಹಳಿ.

ದೊಡ್ಡವರೂ ಕೂರಬೇಕು ಅಂದರೆ ನಾನು 7¼ ಇಂಚನ್ನೇ ಹೇಳುತ್ತೇನೆ. ಗೇಜ್ ಕಿರಿದಾದಷ್ಟೂ ಗಾಡಿ ವಾಲುತ್ತದೆ. ಮಕ್ಕಳು ಸುಮ್ನೆ ಕೂರುವುದಿಲ್ಲ, ಒಂದೇ ಕಡೆ ಬಗ್ಗಿ ನೋಡುತ್ತಾರೆ. ಮುಂದಿನ ಅಳತೆಗಳೆಲ್ಲ 7¼ ಇಂಚಿನ ಗೇಜ್‌ಗೆ, ಬೋಗಿ (ಕೆಳಗೆ ತಾನೇ ತಿರುಗುವ ಚಕ್ರಗಳ ಚೌಕಟ್ಟು) ಇರುವ ಸಣ್ಣ ಬ್ಯಾಟರಿ ಎಂಜಿನ್‌ಗೆ. ದೊಡ್ಡ ಉಗಿ ಎಂಜಿನ್‌ಗೆ 7 ಮೀಟರ್ ತಿರುವು ಸಾಲುವುದಿಲ್ಲ.

ಸಾಮಾನು

ಹಳಿಗೆ 25x10 ಎಂಎಂ ಎಂಎಸ್ (ಸಾದಾ ಕಬ್ಬಿಣದ) ಫ್ಲ್ಯಾಟ್ ಪಟ್ಟಿ ಸಾಕು. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಬೇಕು, ಅಂದರೆ ಎತ್ತರ 25, ನೆತ್ತಿ (ಚಕ್ರ ಉರುಳುವ ಮೇಲ್ಮೈ) 10. ಮೀಟರಿಗೆ ಸುಮಾರು 2 ಕೆಜಿ ತೂಗುತ್ತದೆ. 6 ಮೀಟರ್ ಉದ್ದದ ಪಟ್ಟಿಯನ್ನು ಸರಿಯಾಗಿ ಎರಡು ತುಂಡು ಮಾಡಿ 3 ಮೀಟರ್ ಪ್ಯಾನೆಲ್, ಅಂದರೆ ಎರಡು ಹಳಿಯನ್ನು ಅಡ್ಡ ತುಂಡುಗಳಿಗೆ ಬೆಸೆದ ಏಣಿಯಂಥ ಭಾಗ, ಮಾಡಿಕೊಂಡರೆ ಇಬ್ಬರು ಸುಲಭವಾಗಿ ಎತ್ತಬಹುದು. 64 ಮೀಟರ್ ಸುತ್ತಿಗೆ 22 ಪ್ಯಾನೆಲ್, ಅಂದರೆ 22 ಉದ್ದ ಪಟ್ಟಿ.

ಸ್ಲೀಪರ್‌ಗೆ, ಅಂದರೆ ಹಳಿಯನ್ನು ಹೊರುವ ಆ ಅಡ್ಡ ತುಂಡುಗಳಿಗೆ, ಮರ ಹಾಕಬೇಡಿ. ನಾನು ಮೊದಲು ಹಾಕಿದ್ದು ನೀಲಗಿರಿ ಮರದ್ದು. ನೋಡಲು ತುಂಬ ಚೆನ್ನಾಗಿತ್ತು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಗೆದ್ದಲು ಒಳಗಿಂದ ತಿಂದು ಹಾಕಿತ್ತು. ಮೇಲಿಂದ ಗಟ್ಟಿಯಾಗೇ ಕಾಣುತ್ತಿತ್ತು, ಸ್ಕ್ರೂ ಮಾತ್ರ ಬೆರಳಲ್ಲಿ ಎಳೆದರೆ ಬರುತ್ತಿತ್ತು. ನಮ್ಮ ಕೆಂಪು ಮಣ್ಣಲ್ಲಿ ಗೆದ್ದಲು ತಪ್ಪಿದ್ದಲ್ಲ, ಅಲ್ವಾ? ಈಗ 25x25x5 ಎಂಎಂ ಕಬ್ಬಿಣದ ಆ್ಯಂಗಲ್ ಬಳಸುತ್ತೇನೆ. 340 ಎಂಎಂ ಉದ್ದಕ್ಕೆ ಕತ್ತರಿಸಿದರೆ ಒಂದು 6 ಮೀಟರ್ ಆ್ಯಂಗಲ್‌ನಲ್ಲಿ 17 ತುಂಡು ಬರುತ್ತವೆ. ಪ್ಯಾನೆಲ್‌ಗೆ 12ರಂತೆ 264 ತುಂಡು ಬೇಕು, ಅಂದರೆ 16 ಉದ್ದ ಆ್ಯಂಗಲ್. ಆ್ಯಂಗಲ್‌ನ ಒಂದು ಕಾಲು ಮಲಗಿ ಹಳಿಯನ್ನು ಹೊರುತ್ತದೆ. ಇನ್ನೊಂದು ಕೆಳಮುಖವಾಗಿ ಜಲ್ಲಿಯೊಳಗೆ ನಿಂತು ಪ್ಯಾನೆಲ್ ಜಾರದ ಹಾಗೆ ಹಿಡಿಯುತ್ತದೆ. ಬಾಕ್ಸ್ ಪೈಪ್ ಬೇಡ. ಒಳಗೆ ನೀರು ನಿಂತು ಕಾಣದ ಹಾಗೆ ತುಕ್ಕು ಹಿಡಿಯುತ್ತದೆ.

ಬೋಲ್ಟ್, ನಟ್, ಕ್ಲ್ಯಾಂಪ್‌ಗೆ ಎಸ್‌ಪಿ ರಸ್ತೆ, ಎಸ್‌ಜೆಪಿ ರಸ್ತೆ ಕಡೆ ಒಂದು ಬೆಳಗ್ಗೆ ಸುತ್ತಿ ಬನ್ನಿ. ಪಟ್ಟಿ ಬಾಗಿಸಲು ರೋಲಿಂಗ್ ಮೆಷಿನ್ ಇರುವ ವರ್ಕ್‌ಶಾಪ್‌ಗಳು ಪೀಣ್ಯದಲ್ಲಿ ಸಿಗುತ್ತವೆ.

ಗೆರೆ ಹಾಕುವುದು

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ. ಏಪ್ರಿಲ್ ಬಂತೆಂದರೆ ಸಂಜೆ ಗುಡುಗು ಮಳೆ ಶುರು, ಅಗೆದ ಕಾಲುವೆಯಲ್ಲೆಲ್ಲ ನೀರು ತುಂಬುತ್ತದೆ.

10 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಇವು ಎರಡು ತಿರುವುಗಳ ಕೇಂದ್ರ. ಗೂಟದಿಂದ 7 ಮೀಟರ್ ತಂತಿ ಹಿಡಿದು ಅರ್ಧ ವೃತ್ತ ಎಳೆಯಿರಿ. ತೆಂಗಿನ ಹಗ್ಗ ಬೇಡ, ಅದು ಹಿಗ್ಗುತ್ತದೆ. ಕಂಬಿ ಕಟ್ಟುವ ಬೈಂಡಿಂಗ್ ವೈರ್ ಸರಿ. ಗುರುತಿಗೆ ರಂಗೋಲಿ ಪುಡಿಗಿಂತ ಒಳ್ಳೆಯದು ಇನ್ನೊಂದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ನೇರ ಹಳಿಯಿಂದ ಒಮ್ಮೆಲೇ 7 ಮೀಟರ್ ತಿರುವಿಗೆ ಇಳಿದರೆ ಗಾಡಿ ಪಕ್ಕಕ್ಕೆ ಎಸೆದ ಹಾಗೆ ಆಗುತ್ತದೆ. ಅದಕ್ಕೆ ಪ್ರತಿ ತಿರುವಿನ ಆರಂಭಕ್ಕೆ ಒಂದು, ಕೊನೆಗೆ ಒಂದು ಪ್ಯಾನೆಲ್ ಅನ್ನು 14 ಮೀಟರ್ ತ್ರಿಜ್ಯಕ್ಕೆ ಬಾಗಿಸಿ. ಹೀಗೆ ಮಾಡಿದಾಗ ನೇರ ಗೆರೆ ವೃತ್ತವನ್ನು ಮುಟ್ಟುವುದಿಲ್ಲ, ಅದರಿಂದ 16 ಸೆಂ.ಮೀ. ಹೊರಗೆ ಬರುತ್ತದೆ. ನೇರ ಗೆರೆಗಳನ್ನು ಅಲ್ಲೇ ಎಳೆಯಿರಿ. ಕೊನೆಗೆ ಪ್ರತಿ ಬದಿಗೆ 7 ಮೀಟರ್ ನೇರ ಹಳಿ ಉಳಿಯುತ್ತದೆ. ಒಟ್ಟು ಸುತ್ತು 64 ಮೀಟರ್.

ಇನ್ನು ಮಟ್ಟ. ಗಾರೆ ಕೆಲಸದವರ ಟ್ಯೂಬ್ ಲೆವೆಲ್ ತನ್ನಿ. ನೀರು ತುಂಬಿದ ಆ ಪಾರದರ್ಶಕ ಪೈಪಿಗಿಂತ ನಂಬಿಕೆಯ ಸಾಧನ ಈ ಕೆಲಸಕ್ಕೆ ಬೇಡ. ಪ್ರತಿ 3 ಮೀಟರಿಗೆ ಒಂದು ಗೂಟ ಹೊಡೆದು, ಎಲ್ಲದರ ಮೇಲೂ ಒಂದೇ ಮಟ್ಟದ ಗೆರೆ ಹಾಕಿ. ಏರು 100ಕ್ಕೆ 1 ದಾಟಬಾರದು. 300 ಕೆಜಿ ಗಾಡಿಯನ್ನು ಆ ಏರಿನಲ್ಲಿ ಎಳೆಯಲು ಎಂಜಿನ್‌ಗೆ 3 ಕೆಜಿಯಷ್ಟು ಹೆಚ್ಚಿನ ಎಳೆತ ಬೇಕು. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಬಿಗಿ ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುವ ಭಾರವೂ ಸೇರುತ್ತದೆ. ಆದ್ದರಿಂದ ಏರನ್ನು ನೇರ ಹಳಿಗೆ ಕೊಡಿ, ತಿರುವನ್ನು ಮಟ್ಟವಾಗಿ ಇಡಿ.

ಮಣ್ಣು, ನೀರು, ಜಲ್ಲಿ

ಕೆಂಪು ಮಣ್ಣು ಒಣಗಿದಾಗ ಕಲ್ಲಿನಂತೆ ಇರುತ್ತದೆ. ಫೆಬ್ರವರಿಯಲ್ಲಿ ಅದರ ಮೇಲೆ ನಿಂತು, ಇಷ್ಟು ಗಟ್ಟಿ ನೆಲಕ್ಕೆ ಇನ್ನೇನು ಬೇಕು ಅನ್ನಿಸುತ್ತದೆ. ಅದೇ ಮಣ್ಣು ಸೆಪ್ಟೆಂಬರ್‌ನಲ್ಲಿ ನೆನೆದು ಮೆತ್ತಗಾಗುತ್ತದೆ. ಜಲ್ಲಿ ಅದರೊಳಗೆ ಇಳಿಯುತ್ತದೆ, ಕೆಸರು ಮೇಲೆ ಬರುತ್ತದೆ. ಹಳಿ ಒಂದು ಕಡೆ ಕುಸಿಯುತ್ತದೆ. ಬೆಂಗಳೂರಿನ ಸುತ್ತ ಎಷ್ಟೋ ಸೈಟುಗಳನ್ನು ಕಟ್ಟಡದ ಕಸ, ಹೊರಗಿನ ಮಣ್ಣು ತುಂಬಿ ಎತ್ತರಿಸಿರುತ್ತಾರೆ. ನಿಮ್ಮದು ಅಂಥ ಜಾಗವಾದರೆ ಕನಿಷ್ಠ ಒಂದು ಮಳೆಗಾಲ ಕಳೆಯಲಿ. ಕುಸಿಯುವುದೆಲ್ಲ ಕುಸಿಯಲಿ, ಆಮೇಲೆ ಶುರು ಮಾಡಿ.

ಗೆರೆಯ ಮೇಲೆ 600 ಎಂಎಂ ಅಗಲ, 150 ಎಂಎಂ ಆಳದ ಕಾಲುವೆ ಅಗೆಯಿರಿ. ಬೇರು, ಹುಲ್ಲು, ಮೇಲಿನ ಸಡಿಲ ಮಣ್ಣು ಎಲ್ಲ ತೆಗೆಯಿರಿ. ತಳ ಸಮವಾಗಿರಬಾರದು. ಒಳಗಿನಿಂದ ಹೊರಗಿನ ಅಂಚಿಗೆ 20 ಎಂಎಂ ಇಳಿಜಾರು ಕೊಡಿ. ನೀರು ಚಿಮುಕಿಸಿ, ಚೆನ್ನಾಗಿ ದಮ್ಮಸು ಮಾಡಿ. ಹಿಮ್ಮಡಿ ಊರಿ ತಿರುಗಿದರೂ ಗುರುತು ಬೀಳಬಾರದು.

ಈಗ ಯೋಚಿಸಿ. ಜೇಡಿ ಬೆರೆತ ಮಣ್ಣಲ್ಲಿ ಸುತ್ತಲೂ ಕಾಲುವೆ ತೋಡಿದ್ದೀರಿ. ನೀರಿಗೆ ಹೊರದಾರಿ ಇಲ್ಲದಿದ್ದರೆ ಅದು ಬರೀ ತೊಟ್ಟಿ. ನಾನು ಮೊದಲ ಸಲ ಮರೆತದ್ದು ಇದನ್ನೇ. ಜಲ್ಲಿ ಒಳ್ಳೆಯದು, ದಮ್ಮಸು ಸರಿಯಾಗಿತ್ತು, ಆದರೂ ಅಕ್ಟೋಬರ್‌ನಲ್ಲಿ ಈಶಾನ್ಯ ಮೂಲೆಯ ಎರಡು ಪ್ಯಾನೆಲ್ 15 ಎಂಎಂ ಕುಸಿದಿದ್ದವು. ಕಿತ್ತು ನೋಡಿದರೆ ಕೆಳಗೆ ನೀರು ನಿಂತಿತ್ತು. ಜಾಗದ ಎಲ್ಲಕ್ಕಿಂತ ತಗ್ಗಿನ ಮೂಲೆಯಲ್ಲಿ ಕಾಲುವೆಯ ತಳದಿಂದ 75 ಎಂಎಂ ಪಿವಿಸಿ ಪೈಪ್ ಹಾಕಿ, ನೀರನ್ನು ಇಂಗುಗುಂಡಿಗೆ ಬಿಡಿ. ಮಳೆನೀರು ಕೊಯ್ಲಿಗೆ ಗುಂಡಿ ಈಗಾಗಲೇ ಇದ್ದರೆ ಕೆಲಸ ಸುಲಭ. ಪೈಪಿನ ಬಾಯಿಗೆ ಜಾಲರಿ ಕಟ್ಟಿ, ಜಲ್ಲಿ ಒಳಗೆ ಹೋಗದಿರಲಿ.

ತಳದ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದರೆ ನೀರು ನಿಲ್ಲುತ್ತದೆ. ಬಟ್ಟೆಯ ಮೇಲೆ 100 ಎಂಎಂ ದಪ್ಪಕ್ಕೆ 20 ಎಂಎಂ ಜಲ್ಲಿ, ಎರಡು ಪದರವಾಗಿ, ಪ್ರತಿ ಪದರಕ್ಕೂ ದಮ್ಮಸು. ಉಳಿದ 50 ಎಂಎಂಗೆ 12 ಎಂಎಂ ಜಲ್ಲಿ. ಲೆಕ್ಕ ಹಾಕಿದರೆ ದೊಡ್ಡ ಜಲ್ಲಿ ಸುಮಾರು 140 ಘನ ಅಡಿ, ಸಣ್ಣದು ಸುಮಾರು 80 ಘನ ಅಡಿ ಬೇಕು. ಕ್ರಷರ್‌ನಿಂದ ಬಂದ ಚೂಪು ಮೂಲೆಯ ಜಲ್ಲಿಯೇ ಆಗಬೇಕು. ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ನುಣುಪಾದ ಹೊಳೆಕಲ್ಲು ಉರುಳುತ್ತದೆ. ಎಂ-ಸ್ಯಾಂಡ್, ಕ್ವಾರಿ ಡಸ್ಟ್ ಎರಡೂ ಬೇಡ, ನೀರು ಇಳಿಯುವ ಸಂದುಗಳನ್ನು ಮುಚ್ಚಿಬಿಡುತ್ತವೆ.

ಪ್ಯಾನೆಲ್ ಬೆಸುಗೆ

ಪ್ಯಾನೆಲ್ ಅನ್ನು ತಲೆಕೆಳಗಾಗಿ ಬೆಸೆಯಬೇಕು. ಎರಡು ನೇರ ಕಬ್ಬಿಣದ ಚಾನೆಲ್‌ಗಳನ್ನು ಮಟ್ಟವಾಗಿ ಜೋಡಿಸಿ, ಹಳಿಗಳ ನೆತ್ತಿ ಕೆಳಗೆ ಬರುವ ಹಾಗೆ ಅವುಗಳ ಮೇಲೆ ನಿಲ್ಲಿಸಿ. ಆಗ ಎರಡು ನೆತ್ತಿಗಳೂ ತಾವಾಗೇ ಒಂದೇ ಮಟ್ಟಕ್ಕೆ ಬರುತ್ತವೆ. ಪಟ್ಟಿಯ ಅಗಲದಲ್ಲಿ ಅರ್ಧ ಎಂಎಂ ಹೆಚ್ಚುಕಡಿಮೆ ಇದ್ದರೂ ಅದು ಕೆಳಗಿನ ಕಡೆ ಹೋಗುತ್ತದೆ. ನಡುವೆ 184 ಎಂಎಂ ಉದ್ದಕ್ಕೆ ಸರಿಯಾಗಿ ಮಾಡಿಸಿದ ನಾಲ್ಕು ಕಬ್ಬಿಣದ ತುಂಡು ಇಟ್ಟು, ಕ್ಲ್ಯಾಂಪ್ ಬಿಗಿಯಿರಿ. ಈ ತುಂಡುಗಳನ್ನು ಲೇತ್‌ನಲ್ಲಿ ಮಾಡಿಸಿ, ವರ್ನಿಯರ್ (ಸೂಕ್ಷ್ಮ ಅಳತೆಯ ಕ್ಯಾಲಿಪರ್) ಹಿಡಿದು ನೀವೇ ಅಳೆಯಿರಿ.

ಸ್ಲೀಪರ್‌ಗಳನ್ನು ಮೇಲೆ ಇಡಿ. ಮೊದಲನೆಯದು ಮತ್ತು ಕೊನೆಯದು ತುದಿಯಿಂದ 75 ಎಂಎಂ ಒಳಗೆ. ಉಳಿದವು ಸುಮಾರು 259 ಎಂಎಂ ಅಂತರದಲ್ಲಿ. ಎರಡು ಪ್ಯಾನೆಲ್ ಸೇರಿದಾಗ ಜೋಡಣೆಯ ಎರಡೂ ಬದಿಯ ಸ್ಲೀಪರ್‌ಗಳ ನಡುವೆ 150 ಎಂಎಂ ಮಾತ್ರ ಇರುತ್ತದೆ. ಹಳಿಯ ಬಲಹೀನ ಜಾಗ ಜೋಡಣೆಯೇ, ಅಲ್ಲಿ ಆಸರೆ ಹತ್ತಿರ ಇರಬೇಕು.

2.5 ಎಂಎಂನ 6013 ವೆಲ್ಡಿಂಗ್ ರಾಡ್, 70ರಿಂದ 80 ಆಂಪ್ಸ್ ಸಾಕು. ಪ್ರತಿ ಹಳಿಗೂ ಒಳಗೆ ಹೊರಗೆ 15 ಎಂಎಂ ಉದ್ದದ ಬೆಸುಗೆ. ನನ್ನ ಮೊದಲ ಪ್ಯಾನೆಲ್ ಅನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಸಮ ಬೆಸೆದುಕೊಂಡು ಹೋದೆ. ಕ್ಲ್ಯಾಂಪ್ ಬಿಚ್ಚಿ ತಿರುಗಿಸಿದರೆ ನಡು 8 ಎಂಎಂ ಮೇಲೆದ್ದಿತ್ತು, ಬಿಲ್ಲಿನ ಹಾಗೆ. ಕಾರಣ ಸರಳ. ಬೆಸುಗೆ ತಣಿಯುವಾಗ ಕುಗ್ಗುತ್ತದೆ. ಎಲ್ಲ ಬೆಸುಗೆ ಹಳಿಯ ಬುಡದಲ್ಲಿದೆ. ಬುಡ ಗಿಡ್ಡವಾದರೆ ನಡು ಏಳಲೇಬೇಕು.

ಇದಕ್ಕೆ ಮೂರು ಉಪಾಯ ಒಟ್ಟಿಗೆ ಮಾಡಿ. ಮೊದಲು ಎಲ್ಲ ಸ್ಲೀಪರ್‌ಗಳಿಗೂ ಬರೀ ಚುಕ್ಕಿ ಬೆಸುಗೆ ಹಾಕಿ. ಆಮೇಲೆ ಪೂರ್ತಿ ಬೆಸೆಯುವಾಗ ಹಾರಿ ಹಾರಿ ಹೋಗಿ: 1, 12, 6, 9, 3, ಹೀಗೆ. ಹಳಿ ಕೈ ಸುಡುವಷ್ಟು ಬಿಸಿಯಾದರೆ ನಿಲ್ಲಿಸಿ. ಮೂರನೆಯದು, ತಲೆಕೆಳಗಾಗಿ ಇಟ್ಟಾಗಲೇ ನಡುವಿನ ಕೆಳಗೆ 4 ಎಂಎಂ ತಗಡು ಇಟ್ಟು, ಎರಡೂ ತುದಿಗಳನ್ನು ಕೆಳಗೆ ಒತ್ತಿ ಕ್ಲ್ಯಾಂಪ್ ಮಾಡಿ. ಬೆಸುಗೆ ಎಳೆದಾಗ ಪ್ಯಾನೆಲ್ ನೇರಕ್ಕೆ ಬರುತ್ತದೆ. ನಿಮ್ಮ ಮೆಷಿನ್‌ಗೆ ಎಷ್ಟು ತಗಡು ಬೇಕೆಂಬುದು ಮೊದಲ ಪ್ಯಾನೆಲ್ ಬಿಚ್ಚಿದಾಗ ಗೊತ್ತಾಗುತ್ತದೆ. ಎಲ್ಲವನ್ನೂ ಒಂದೇ ದಿನ ಬೆಸೆಯಬೇಡಿ.

ಸತುವು ಲೇಪಿಸಿದ ಜಿಐ ಪಟ್ಟಿಯನ್ನು ಬೆಸೆಯಬೇಡಿ. ಅದರ ಹೊಗೆ ಜ್ವರ ತರಿಸುತ್ತದೆ. ಸಾದಾ ಕಬ್ಬಿಣ ಬೆಸೆದು, ತುಕ್ಕು ಉಜ್ಜಿ, ಪ್ರೈಮರ್ ಮತ್ತು ಎರಡು ಕೋಟ್ ಬಣ್ಣ ಹೊಡೆಯಿರಿ. ನೆತ್ತಿಗೆ ಮಾತ್ರ ಬಣ್ಣ ಬೇಡ.

ತಿರುವಿನ ಪ್ಯಾನೆಲ್

ಪಟ್ಟಿ ಅಂಚಿನ ಮೇಲೆ ನಿಲ್ಲುವುದರಿಂದ ಅದು ಬಾಗಬೇಕಾದ್ದು 10 ಎಂಎಂ ದಪ್ಪದ ಕಡೆಗೆ. ಮೂರು ರೋಲರ್ ಇರುವ ಯಾವ ಮೆಷಿನ್ ಆದರೂ ಆಗುತ್ತದೆ. ಸರಿಯಾಗಿ ಬಾಗಿದೆಯಾ ಎಂದು ನೋಡಲು ರೈಲ್ವೆಯವರ ದಾರದ ಲೆಕ್ಕವೇ ಸಾಕು. ಬಾಗಿದ ಪಟ್ಟಿಯ ಒಳಮೈಗೆ ಸರಿಯಾಗಿ 1 ಮೀಟರ್ ಉದ್ದದ ದಾರ ಬಿಗಿಯಾಗಿ ಹಿಡಿದು, ನಡುವೆ ದಾರದಿಂದ ಪಟ್ಟಿಗೆ ಎಷ್ಟು ದೂರ ಎಂದು ಅಳೆಯಿರಿ. ಇದನ್ನು ವರ್ಸೈನ್ ಅನ್ನುತ್ತಾರೆ. ದಾರದ ಉದ್ದ ಮೀಟರ್‌ನಲ್ಲಿ, ಅದರ ವರ್ಗವನ್ನು 125ರಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿದರೆ ಎಂಎಂ ಸಿಗುತ್ತದೆ. 7 ಮೀಟರ್ ತ್ರಿಜ್ಯಕ್ಕೆ 18 ಎಂಎಂ, 14 ಮೀಟರಿಗೆ 9 ಎಂಎಂ. ಪಟ್ಟಿಯ ಉದ್ದಕ್ಕೂ ಐದಾರು ಕಡೆ ಅಳೆದು, ಒಂದು ಎಂಎಂಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ರೋಲರ್‌ಗೆ ಹಾಕಿ.

ಒಳಗಿನ ಹಳಿ ಹೊರಗಿನದಕ್ಕಿಂತ ಗಿಡ್ಡ ಇರಬೇಕು. 7 ಮೀಟರ್ ತಿರುವಿನ ಒಂದು ಪ್ಯಾನೆಲ್‌ನಲ್ಲಿ ಸುಮಾರು 83 ಎಂಎಂ. ಇದನ್ನು ಕತ್ತರಿಸದೆ ಹಾಗೇ ಬೆಸೆದರೆ ತುದಿಗಳು ಓರೆಯಾಗಿ, ಪಕ್ಕದ ಪ್ಯಾನೆಲ್ ಕೂರುವುದೇ ಇಲ್ಲ. ಇಷ್ಟು ಬಿಗಿ ತಿರುವಿನಲ್ಲಿ ಗೇಜ್ ಕೂಡ 3 ಎಂಎಂ ಹೆಚ್ಚಿಸಿ, 187 ಎಂಎಂ ಮಾಡಿ. ಇಲ್ಲದಿದ್ದರೆ ಬೋಗಿಯ ಚಕ್ರಗಳು ಸಿಕ್ಕಿಕೊಂಡು ಕಿರುಚುತ್ತವೆ. ಇದಕ್ಕೆ ಬೇರೆ ಅಳತೆಯ ತುಂಡು ಮಾಡಿಸಿಡಿ, ಬೇರೆ ಬಣ್ಣ ಬಳಿದಿಡಿ.

ಜೋಡಣೆ

ಬೆಂಗಳೂರಿನ ಹವೆ ತಂಪು ಎಂದುಕೊಂಡರೂ, ಜನವರಿಯ ಬೆಳಗಿನ ಜಾವ 14 ಡಿಗ್ರಿ ಇರುವ ಹಳಿ ಏಪ್ರಿಲ್ ಬಿಸಿಲಲ್ಲಿ 55 ಡಿಗ್ರಿ ಮುಟ್ಟಬಹುದು. 40 ಡಿಗ್ರಿ ವ್ಯತ್ಯಾಸಕ್ಕೆ 64 ಮೀಟರ್ ಕಬ್ಬಿಣ ಸುಮಾರು 31 ಎಂಎಂ ಹಿಗ್ಗುತ್ತದೆ. ಅದಕ್ಕೆ ಜಾಗ ಕೊಡದಿದ್ದರೆ ಹಳಿ ಪಕ್ಕಕ್ಕೆ ಸೊಟ್ಟಗಾಗುತ್ತದೆ. ಬೆಳಗ್ಗೆ ಹಳಿ ಇನ್ನೂ ಕಾಯದಿರುವಾಗ ಜೋಡಿಸಿ, ಪ್ರತಿ ಜೋಡಣೆಯಲ್ಲೂ 1.5 ಎಂಎಂ ತಗಡಿನ ಚೂರು ಸಿಕ್ಕಿಸಿ ಸಂದು ಬಿಡಿ.

ಫಿಶ್‌ಪ್ಲೇಟ್ (ಎರಡು ಹಳಿಗಳ ತುದಿ ಸೇರಿಸುವ ಪಟ್ಟಿ) ಆಗಿ 100 ಎಂಎಂ ಉದ್ದದ 16x5 ಪಟ್ಟಿಯನ್ನು ಹೊರಗಿನ ಮೈಗೆ ಹಾಕಿ. 6 ಎಂಎಂ ಬೋಲ್ಟ್‌ಗೆ 8 ಎಂಎಂ ತೂತು ಕೊರೆದರೆ ಹಳಿ ಸರಿದಾಡಲು ಸಾಧ್ಯ. ತೂತಿನ ನಡು ಹಳಿಯ ಬುಡದಿಂದ 8 ಎಂಎಂ ಮೇಲಿರಲಿ. ಬೋಲ್ಟ್ ತಲೆ ಒಳಗೆ, ನಟ್ ಹೊರಗೆ. ಆಗ ತಲೆಯ ಮೇಲೆ 11 ಎಂಎಂ ಉಳಿಯುತ್ತದೆ. ಚಕ್ರದ ಅಂಚು ಅದಕ್ಕೆ ತಾಗುವುದಿಲ್ಲ. ತಾನಾಗಿ ಸಡಿಲವಾಗದ ನೈಲಾಕ್ ನಟ್ ಹಾಕಿ, ಪೂರ್ತಿ ಬಿಗಿಯಬೇಡಿ.

ಕೂರಿಸುವುದು

ಪ್ಯಾನೆಲ್‌ಗಳನ್ನು ಜಲ್ಲಿಯ ಮೇಲೆ ಜೋಡಿಸಿ, ಸುತ್ತು ಸೇರಿದ ಮೇಲೆ ಕೊನೆಯ ಪ್ಯಾನೆಲ್ ಅನ್ನು ಉಳಿದ ಅಳತೆಗೆ ಕತ್ತರಿಸಿ. ಹಾರೆಯಿಂದ ಸ್ವಲ್ಪ ಎತ್ತಿ, ಸ್ಲೀಪರ್ ಕೆಳಗೆ 12 ಎಂಎಂ ಜಲ್ಲಿಯನ್ನು ಮರದ ಕಡ್ಡಿಯಿಂದ ತುರುಕಿ. ಹಳಿಯ ಕೆಳಭಾಗದಲ್ಲಿ ಗಟ್ಟಿಯಾಗಿ, ಸ್ಲೀಪರ್‌ನ ನಡುಭಾಗದ ಕೆಳಗೆ ಸಡಿಲವಾಗಿ. ನಡು ಗಟ್ಟಿಯಾದರೆ ಪ್ಯಾನೆಲ್ ತಕ್ಕಡಿಯ ಹಾಗೆ ಆಡುತ್ತದೆ.

ತಿರುವಿನಲ್ಲಿ ಹೊರಗಿನ ಹಳಿಯನ್ನು 5 ಎಂಎಂ ಎತ್ತರಿಸಿ. ಗಾಡಿ ಗಂಟೆಗೆ 6 ಕಿ.ಮೀ. ಓಡುವಾಗ ಅಷ್ಟೇ ಸಾಕು. ಆದರೆ ಈ 5 ಎಂಎಂ ಒಮ್ಮೆಲೇ ಬರಬಾರದು. 14 ಮೀಟರ್ ತ್ರಿಜ್ಯದ ಪ್ಯಾನೆಲ್‌ನ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಏರಲಿ. ಒಂದು ಕೋಲಿಗೆ ಸ್ಪಿರಿಟ್ ಲೆವೆಲ್ ಕಟ್ಟಿ, ಎರಡು ಹಳಿಗಳ ಮೇಲೆ ಅಡ್ಡ ಇಟ್ಟು, ಪ್ರತಿ 300 ಎಂಎಂಗೆ ನೋಡುತ್ತಾ ಹೋಗಿ. ಗುಳ್ಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಿಢೀರ್ ಹಾರಿದರೆ ಅಲ್ಲಿ ಹಳಿ ತಿರುಚಿದೆ ಅಂತ ಅರ್ಥ. ಹಳಿ ಪೂರ್ತಿ ಒಂದೇ ಕಡೆ ವಾಲಿದ್ದರೂ ಗಾಡಿ ಓಡುತ್ತದೆ. ತಿರುಚಿದ್ದರೆ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ, ಆಮೇಲೆ ಹಳಿ ಹತ್ತಿ ಆಚೆ ಬೀಳುತ್ತದೆ. ಇಡೀ ಕೆಲಸದಲ್ಲಿ ನಾನು ತುಂಬ ಹೊತ್ತು ಕಳೆದದ್ದು ಈ ಕೋಲು ಹಿಡಿದು ಮೊಣಕಾಲೂರಿ.

ಮೊದಲ ಓಟ

ಮೊದಲ ಓಟಕ್ಕೆ ಮಕ್ಕಳು ಬೇಡ. ಖಾಲಿ ಗಾಡಿಯನ್ನು ಕೈಯಿಂದ ತಳ್ಳಿ, ಎರಡು ಸುತ್ತು. ಆಮೇಲೆ 50 ಕೆಜಿಯ ಮರಳು ಚೀಲ ಎರಡು ಹೇರಿ, ಹತ್ತು ಸುತ್ತು. ಕಿವಿ ಕೊಟ್ಟು ಕೇಳಿ. ಟಕ್ ಟಕ್ ಸದ್ದು ಎಲ್ಲ ಜೋಡಣೆಯಲ್ಲೂ ಒಂದೇ ಥರ ಬರಬೇಕು. ಎಲ್ಲಾದರೂ ದಪ್ಪನೆ ಸದ್ದು ಬಂದರೆ ಅಲ್ಲಿ ಸ್ಲೀಪರ್ ಕೆಳಗೆ ಖಾಲಿ ಇದೆ. ರಂಗೋಲಿ ಪುಡಿಯಿಂದ ಗುರುತು ಹಾಕಿ, ಜಲ್ಲಿ ತುಂಬಿ. ಚೀಲವನ್ನು ಗಾಡಿಯ ಒಂದೇ ಅಂಚಿಗೆ ಸರಿಸಿಯೂ ಓಡಿಸಿ ನೋಡಿ. ಮಕ್ಕಳು ಕೂರುವುದೇ ಹಾಗೆ.

ಮಕ್ಕಳು ಹತ್ತಿದ ಮೇಲೆ ವೇಗ ನಡೆಯುವವರಷ್ಟೇ ಇರಲಿ. ಕಾಲು ಇಡಲು ಎರಡೂ ಕಡೆ ಹಲಗೆ ಇರಲೇಬೇಕು, ಕಾಲು ನೆಲಕ್ಕೆ ತಾಗಬಾರದು. ಕೊನೆಯ ಗಾಡಿಯಲ್ಲಿ ಒಬ್ಬ ದೊಡ್ಡವರು ಕೂರಲಿ.

ರೈಲ್ವೆಯಲ್ಲಿ ಕೀಮ್ಯಾನ್ ಪ್ರತಿದಿನ ಹಳಿಯ ಉದ್ದಕ್ಕೂ ನಡೆದು ನೋಡುತ್ತಾರೆ. ನಾನು ಓಡಿಸುವ ದಿನ ಬೆಳಗ್ಗೆ ಒಂದು ಸುತ್ತು ನಡೆಯುತ್ತೇನೆ. ಸಂದಿನಲ್ಲಿ ಸಿಕ್ಕ ಕಲ್ಲು, ಸಡಿಲ ನಟ್, ಬಿದ್ದ ಮಾವಿನಕಾಯಿ ನೋಡುತ್ತೇನೆ. ಮೊದಲ ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಲ್ಲಿ, ಇಡೀ ಸುತ್ತಿಗೆ ಮತ್ತೆ ಲೆವೆಲ್ ಹಿಡಿಯಬೇಕು. ಇದಕ್ಕೆಂದೇ ಐದಾರು ಚೀಲ ಸಣ್ಣ ಜಲ್ಲಿ ಎತ್ತಿಡಿ. ಪೈಪ್ ಹಾಕಿದ ವರ್ಷ ನಮ್ಮಲ್ಲಿ ಹನ್ನೊಂದು ಕಡೆ ತುಂಬಬೇಕಾಯಿತು. ಮಾರನೇ ವರ್ಷ ಮೂರು ಕಡೆ. ಈಶಾನ್ಯ ಮೂಲೆ ಎರಡೂ ಸಲ ಕದಲಿರಲಿಲ್ಲ.